ಒಂದೇ ಮಾತಿನ ಅಂಬಿಗ

"ಮನುಷ್ಯನಿಗೆ ಒಂದು ಮಾತು ಸಾಕು ಕಣ್ರಯ್ಯಾ, ಉಳಿದದ್ದೆಲ್ಲ ವಕೀಲರಿಗೆ!" ಎಂದು ಮಗದಲೇನಾ ನದಿಯ ಅಂಬಿಗ ಎಲಾದಿಯೋ ದಿನಾ ಕೊಚ್ಚಿಕೊಳ್ಳುತ್ತಿದ್ದ. ಅವನ ಆ ಒಂದು ಮಾತು ‘ಬೈನಾ’. ಹಿಂದೊಂದು ಕಾಲಕ್ಕೆ ಅದಕ್ಕೆ ಕತ್ತಿಯ ಒರೆ, ಅವರೆಕಾಯಿಯ ಸಿಪ್ಪೆ ಎಂಬ ಮರ್ಯಾದಸ್ಥ ಅರ್ಥಗಳಿದ್ದವು. ಹೊಳೆಸಾಲಿನವರ ಬಾಯಿಗೆ ಬಿದ್ದದ್ದೇ, ಅದು ಬಕಾಸುರನಂತೆ ಕಂಡದ್ದನ್ನೆಲ್ಲ ನುಂಗಿತು. ಸೌಟು ಬೈನಾ, ಸೊಂಟನೋವು ಬೈನಾ, ನೆರೆಮನೆಯ ಜಗಳವೂ ಬೈನಾ. ಹೆಂಡತಿ ನುರಿಸಳನ್ನು ಅವನು ಮದುವೆಗೆ ಕೇಳಿದ್ದೂ "ಈ ಬೈನಾ ಮುಗಿಸಿಬಿಡೋಣ್ವಾ?" ಎಂದೇ. ಅವಳಿಗೆ ಅರ್ಥವಾಗಿತ್ತು, ಪಾಪ.

ಆ ಮಧ್ಯಾಹ್ನ ಹೊಳೆ ತುಂಬಿತ್ತು. ನಡುನೀರಿನಲ್ಲಿ ದೋಣಿಯ ಮೋಟರು ಎರಡು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ಹೊಳೆ ಹರಿಯುವ ಕಡೆ, ಸ್ವಲ್ಪ ಕೆಳಗೆ, ಎಣ್ಣೆ ಸಾಗಿಸುವ ದೊಡ್ಡ ಚಪ್ಪಟೆ ಹಡಗು, ಬಾರ್ಜೊಂದನ್ನು ಕಟ್ಟಿ ನಿಲ್ಲಿಸಿದ್ದರು. ಸೆಳವು ನೇರ ಅದರ ಹೊಟ್ಟೆಯಡಿಗೆ ನುಗ್ಗುತ್ತಿತ್ತು. ಅಲ್ಲಿಗೆ ಹೋದ ದೋಣಿ ಮೇಲೆ ಬಂದದ್ದಿಲ್ಲ.

"ನುರಿಸ್! ಆ ಬೈನಾ ಎಸಿಯೇ!"

ಮುಂದುಗಡೆ ಕೂತಿದ್ದ ನುರಿಸ್ ತಿರುಗಿದಳು. "ಯಾವ ಬೈನಾ, ಮಾರಾಯ?"

"ಅದೇ ಕಣೇ, ಆ ಬೈನಾ!"

ಅವಳು ಬಕೆಟ್ಟು ಎಸೆದಳು. ಅಂಬಿಗನೇ ಹೇಳಿದ ಮೇಲೆ ಇನ್ನೇನು ಎಂದು, ಹೊಳೆ ದಾಟಲು ಹತ್ತಿದ್ದ ದಲ್ಗಿಸಮ್ಮ ಮಾರಲು ತಂದಿದ್ದ ಗಿಣ್ಣಿನ ಬುಟ್ಟಿ ಎಸೆದಳು. ಕ್ಷೌರಿಕ ಉಬಾಲ್ದೊ ಕಣ್ಣು ಮುಚ್ಚಿಕೊಂಡು ತನ್ನ ಕಾಳಗದ ಹುಂಜವನ್ನೇ ಎಸೆದ. ಅದು ಈಜಿ ದಡ ಸೇರಿ, ಇವರ ಕಡೆ ಬೆನ್ನು ತಿರುಗಿಸಿ ನಿಂತಿತು.

ಎಲಾದಿಯೋ ಮತ್ತೆ ಬಾಯಿ ತೆರೆದ. ಆ ವಸ್ತುವಿಗೊಂದು ಹೆಸರಿತ್ತು. ಮೀಸೆ ಮೂಡಿದಾಗಿನಿಂದ ಅವನು ಅದನ್ನು ಆಡಿಯೇ ಇರಲಿಲ್ಲ. ತಡಕಾಡಿದ. ಸತ್ತ ಅಜ್ಜಿಯ ಹೆಸರು ಬಂತು, ಅವಳ ಕತ್ತೆಯ ಹೆಸರೂ ಬಂತು, ಅದೊಂದು ಬರಲಿಲ್ಲ. ಬಾರ್ಜಿನ ತುಕ್ಕುಹಿಡಿದ ಮೂತಿ ಗೋಡೆಯಂತೆ ಎದ್ದು ಬರುತ್ತಿತ್ತು. ಅದರಡಿ ನೀರು ಗುಳುಗುಳು ನುಂಗುವ ಸದ್ದು ಕೇಳಿಸಿತು. ನುರಿಸ್ ಬಿಳಿಚಿಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು.

ಕೊನೆಗೆ ಅವನು ಎರಡು ಬೆರಳು ಕೊಕ್ಕೆ ಮಾಡಿ, ತನ್ನದೇ ಅಂಗಿಯ ಕೊರಳಪಟ್ಟಿಗೆ ಸಿಕ್ಕಿಸಿ ಜಗ್ಗಿದ.

"ಅಯ್ಯೋ, ಅದಾ!" ಎಂದು ನುರಿಸ್ ಕಾಲಡಿಯ ಕಬ್ಬಿಣವನ್ನೆತ್ತಿ ನೀರಿಗೆ ಬಿಟ್ಟಳು. ಹಗ್ಗ ಬಿಗಿಯಿತು. ದೋಣಿ ನಿಂತದ್ದು ಎಷ್ಟು ಹತ್ತಿರವೆಂದರೆ, ಉಬಾಲ್ದೊನ ಮೀಸೆಗೆ ಬಾರ್ಜಿನ ತುಕ್ಕು ಹತ್ತಿತ್ತು.

ಇನ್ನೊಂದು ದೋಣಿ ಬಂದು ಇವರನ್ನು ಎಳೆದು ದಡ ಮುಟ್ಟಿಸಿತು. ಕಾಲು ನೆಲಕ್ಕೆ ತಗುಲಿದ್ದೇ ಉಬಾಲ್ದೊಗೆ ಧ್ವನಿ ಬಂತು. "ಲಂಗರು! ಲಂಗರು ಅನ್ನೋಕೆ ನಿನ್ನ ಬಾಯಿಗೇನು ಬಡಿದಿತ್ತೋ? ಹಾಲು ಕುಡಿಯೋ ಮಗೂಗೂ ಗೊತ್ತು!"

ಎಲಾದಿಯೋ ದೋಣಿಯ ಹಗ್ಗವನ್ನು ದಡದ ಗೂಟಕ್ಕೆ ಬಿಗಿದ.

"ಗೊತ್ತಿತ್ತಲ್ಲ," ಎಂದ, "ಮತ್ತೆ ಹುಂಜ ಯಾಕಪ್ಪಾ ಎಸೆದೆ?"