ಓಚ್ಚಮ್ಮಾಳ್ ಕತ್ತರಿ ಇಟ್ಟ ದಿನ

ಸುರುಳಿಪಟ್ಟಿಯಲ್ಲಿ ದ್ರಾಕ್ಷಿಗೆ ಬೆಲೆ ಏರಿತು ಅಂದರೆ ಸಾಕು, ಊರಿಗೆ ಊರೇ ಕತ್ತರಿ ಹಿಡಿಯುತ್ತದೆ. ಹಳೆಯ ಕಡ್ಡಿ ಕತ್ತರಿಸಿದರೇ ಬಳ್ಳಿ ಚಿಗುರಿ ಹಣ್ಣು ಬಿಡುವುದು. ಅದಕ್ಕೆ ನಾಲ್ಕು ತಿಂಗಳು ಬೇಕು. ಎಲ್ಲರೂ ಒಂದೇ ವಾರ ಕತ್ತರಿಸುತ್ತಾರೆ, ಎಲ್ಲರ ಹಣ್ಣೂ ಒಂದೇ ವಾರ ಬರುತ್ತದೆ, ಬೆಲೆ ನೆಲ ಕಚ್ಚುತ್ತದೆ. ಆಮೇಲೆ ವ್ಯಾಪಾರಿಯನ್ನು ಬೈಯುತ್ತಾರೆ.

ಓಚ್ಚಮ್ಮಾಳ್ ಮದುವೆಯಾಗಿ ಬಂದಾಗಿನಿಂದ ಇದನ್ನೇ ನೋಡಿದವಳು. ಗಂಡ ಪೆರಿಯಸಾಮಿಗೆ ಹೇಳಿ ಹೇಳಿ ಸಾಕಾಗಿತ್ತು. ಅವನು ಊರಿನ ಜೊತೆಗೇ ಕತ್ತರಿಸಿ, ಊರಿನ ಜೊತೆಗೇ ಹಣ್ಣನ್ನು ದನಕ್ಕೆ ಹಾಕಿದ. ಒಳ್ಳೆಯವನು. ಮೊಂಡ. ಹೋದ ಆಡಿ ತಿಂಗಳಲ್ಲಿ, ಆಷಾಢದ ಗಾಳಿಯ ಹೊತ್ತಿಗೆ, ಎದೆನೋವು ಅಂದ, ಆಸ್ಪತ್ರೆ ಮುಟ್ಟಲಿಲ್ಲ. ಅವನ ಟವಲು ದ್ರಾಕ್ಷಿ ಚಪ್ಪರದ ಕಲ್ಲುಕಂಬದ ಮೇಲೇ ಉಳಿಯಿತು. ತೆಗೆಯಲು ಅವಳಿಗೆ ಕೈ ಬರಲಿಲ್ಲ.

ಸಂಕ್ರಾಂತಿಯ ತೈ ತಿಂಗಳಲ್ಲಿ ಬೆಲೆ ಏರಿತು. ಮೈದುನ ಕರುಪ್ಪಸಾಮಿ ಹೆಂಡತಿ ಇಂದ್ರಾಣಿಯನ್ನೂ ಆಳುಗಳನ್ನೂ ಕರೆದುಕೊಂಡು ಅವಳ ತೋಟಕ್ಕೆ ನುಗ್ಗಿದ.

“ಅತ್ಗೆ, ನೀವು ಮನೇಲಿರಿ. ಇಂದ್ರಾಣಿ ಮೊದಲ ಕತ್ತರಿ ಇಡ್ತಾಳೆ.”

ಆ ಮನೆತನದಲ್ಲಿ ಮೊದಲ ಕಡ್ಡಿ ಕತ್ತರಿಸುವುದು ಮುತ್ತೈದೆ. ಗಂಡ ಸತ್ತವಳು ಆ ಹೊತ್ತಿನಲ್ಲಿ ತೋಟದಲ್ಲೇ ನಿಲ್ಲಬಾರದು.

“ಈಗ್ಯಾಕೆ ಕತ್ತರಿಸ್ಬೇಕು?”

“ಬೆಲೆ ಐತಲ್ಲ!”

“ಇವತ್ತಿನ ಬೆಲೆ ಇವತ್ತಿನ ಹಣ್ಣಿಗೆ ಕಣಪ್ಪ. ಬಳ್ಳೀಲಿ ಏನೈತೆ? ಎಲೆ. ಎಲೆ ಮಾರ್ತೀಯಾ?”

ಆಳುಗಳು ನಕ್ಕರು. ಕರುಪ್ಪಸಾಮಿಗೆ ಅವಮಾನವಾಯಿತು. “ಅಣ್ಣ ಇದ್ದಿದ್ರೆ ಹಿಂಗೆ ಮಾತಾಡ್ತಿದ್ರಾ?”

“ಮಾತಾಡ್ತಿದ್ದೆ. ನಿಮ್ಮಣ್ಣನೂ ಕೇಳ್ತಿರಲಿಲ್ಲ. ಈಗ ತೋಟ ನಂದು. ಹೊರಡು.”

ವಾರದೊಳಗೆ ಊರಿನ ಚಪ್ಪರವೆಲ್ಲ ಬೋಳು. ಅವಳದೊಂದೇ ಹಸಿರು. ಗಂಡನ ಜೊತೆಗೆ ಬುದ್ಧಿಯನ್ನೂ ಕಳಿಸಿಕೊಟ್ಟಳು ಅಂತ ನಲ್ಲಿಯ ಹತ್ತಿರ ಹೆಂಗಸರು ಆಡಿಕೊಂಡರು.

ತಿಂಗಳು ಕಳೆದ ಮೇಲೆ ಓಚ್ಚಮ್ಮಾಳ್ ತಾನೇ ಮೊದಲ ಕಡ್ಡಿ ಕತ್ತರಿಸಿದಳು. ನೆಂಟರು ಯಾರೂ ಬರಲಿಲ್ಲ. ಮುತ್ತೈದೆಯ ಕೈ ಬೀಳಲಿಲ್ಲ ಅಂತ ಬಳ್ಳಿಯೇನೂ ಚಿಗುರುವುದನ್ನು ನಿಲ್ಲಿಸಲಿಲ್ಲ.

ಊರಿನ ಹಣ್ಣು ಒಟ್ಟಿಗೇ ಬಂತು. ಕೇರಳದ ಲಾರಿಗಳು ತುಂಬಿಕೊಂಡು ಹೋದವು, ಮಿಕ್ಕಿದ್ದು ರಸ್ತೆ ಬದಿಯಲ್ಲಿ ಕೊಳೆಯಿತು. ಅವಳ ಹಣ್ಣು ಬಂದಾಗ ಇಡೀ ಊರಲ್ಲಿ ಬೇರೆ ಹಣ್ಣಿಲ್ಲ. ವ್ಯಾಪಾರಿಯೇ ಬೇಲಿಯ ತನಕ ಬಂದು, ಒಳ್ಳೆಯ ಬೆಲೆ ಕೊಟ್ಟು ಕೊಂಡ.

ಮಾರನೇ ದಿನ ಕರುಪ್ಪಸಾಮಿ ಬೀದಿಯವರನ್ನೆಲ್ಲ ಕಟ್ಟಿಕೊಂಡು ಬಂದ.

“ಅತ್ಗೆ, ಮುಂದಿನ ಸಲ ಯಾವತ್ತು ಕತ್ತರಿ ಇಡ್ತೀರಾ? ನಾವೂ ಅವತ್ತೇ ಇಡ್ತೀವಿ. ನಿಮ್ಮ ಕೈಗುಣ ಚೆನ್ನಾಗೈತೆ.”

ಅವಳಿಗೆ ಮೈ ಉರಿಯಿತು. “ಆವತ್ತು ದರಿದ್ರದ ಕೈ, ಇವತ್ತು ಒಳ್ಳೇ ಕೈಯಾ? ನನ್ನ ಜೊತೆ ಯಾಕ್ರೋ ಇಡ್ತೀರಾ? ಒಬ್ಬೊಬ್ಬರು ಒಂದೊಂದು ತಿಂಗಳು ಇಡ್ರೋ!”

“ಹಂಗಾದ್ರೆ ಬೆಲೆ ಇರೋ ತಿಂಗಳು ಯಾರಿಗೆ?” ಅಂದ ಒಬ್ಬ. ನನಗೆ, ತನಗೆ ಅಂತ ಅಲ್ಲೇ ಜಗಳಕ್ಕೆ ನಿಂತರು.

ಅವಳು ಯಾರಿಗೂ ದಿನ ಹೇಳಲಿಲ್ಲ. ಆದರೆ ಕತ್ತರಿಸಿದ ಬಳ್ಳಿಯನ್ನು ಎಲ್ಲಿ ಬಚ್ಚಿಡುವುದು? ಅವಳು ಕತ್ತರಿ ಇಟ್ಟ ಮರುದಿನ ಬೆಳಗ್ಗೆಯೇ ಎಲ್ಲ ತೋಟಗಳಲ್ಲೂ ಕತ್ತರಿಯ ಸದ್ದು. ಓಚ್ಚಮ್ಮಾಳ್ ರಸ್ತೆಗೆ ಬಂದು ನಿಂತು ಬೈದಳು. ಗಂಟಲು ಕಟ್ಟುವ ತನಕ ಬೈದಳು. ಒಬ್ಬನೂ ಕತ್ತರಿ ಕೆಳಗಿಡಲಿಲ್ಲ.