ಪೈಪಿನ ತೂತು ಯಾವ ಕಡೆಗಿರಬೇಕು?

ಬೀಗರು ಬಂದಿದ್ದರು. ಒಳಗೆ ಸೆಖೆ, ಹೊರಗೆ ಲಾನ್ ಮೇಲೆ ಕೂಡೋಣ ಬರ್ರಿ ಎಂದು ನಾನೇ ದೊಡ್ಡ ಮನುಷ್ಯನ ಹಾಗೆ ಕುರ್ಚಿ ಹಾಕಿದೆ. ಚಹಾ ಅರ್ಧ ಮುಗಿಯುವಷ್ಟರಲ್ಲಿ ಬೀಗರು ನನಗಿಂತ ಒಂದು ಗೇಣು ಕುಳ್ಳಗಾಗಿದ್ದರು. ಕುರ್ಚಿಯ ಹಿಂದಿನ ಎರಡೂ ಕಾಲು ನೆಲದೊಳಗೆ ಇಳಿದಿದ್ದವು! ಮರ್ಯಾದಸ್ಥರು, ಏನೂ ಅನ್ನದೆ ಆಕಾಶ ನೋಡುತ್ತಾ ಚಹಾ ಮುಗಿಸಿದರು. (ಪಾಪ, ಬೇರೆ ಎಲ್ಲಿ ನೋಡಿಯಾರು? ಕುರ್ಚಿ ಇದ್ದದ್ದೇ ಆ ಕೋನದಲ್ಲಿ.)

ಅವರು ಹೋದ ಮೇಲೆ ಘೋಷಿಸಿಬಿಟ್ಟೆ. ಈ ಹುಲ್ಲು ಸಾಕು. ಕಿತ್ತು ಹಾಕಿ ಸಿಮೆಂಟಿನ ಪೇವರ್ಸ್ ಹಾಕಿಸುವುದೇ.

ನಮ್ಮ ಲಾನ್ ಮಹಾ ಏನಲ್ಲ. ನಾಲ್ಕು ಮಂಚ ಹಾಕಿದರೆ ತುಂಬಿಹೋಗುವ ಜಾಗ. ಹೊಸಪೇಟೆಯಲ್ಲಿ ಕಾಲುವೆಯ ಕೆಳಗಿನ ಲೇಔಟು ನಮ್ಮದು, ಹಿಂದೆ ಭತ್ತದ ಗದ್ದೆಯಾಗಿದ್ದ ನೆಲ. ಮೇಲೆ ಕಾಲುವೆಗೆ ನೀರು ಬಿಟ್ಟರೆ ವಾರದೊಳಗೆ ಕೆಳಗೆ ನಮ್ಮ ಅಂಗಳ ಜವುಗು. ಕಾಲಿಟ್ಟರೆ ಪಚಕ್. ಹುಲ್ಲು ಹಳದಿ, ಮೇಲೆ ಕೊಳೆತ ವಾಸನೆ ಬೇರೆ.

ಆದರೆ ಅದು ನನ್ನ ಲಾನ್ ಅಲ್ಲ, ಹೆಂಡತಿ ಶಾಂತಾಳದ್ದು. ಅವಳು ಸಂಡೂರಿನ ಹೈಸ್ಕೂಲಿನಲ್ಲಿ ಟೀಚರ್. ದಿನಾ ಅದಿರಿನ ಲಾರಿಗಳ ಹಿಂದೆ ಬಸ್ಸಿನಲ್ಲಿ ಬರುತ್ತಾಳೆ. ಮನೆ ಮುಟ್ಟುವಷ್ಟರಲ್ಲಿ ತಲೆಗೂದಲು, ಸೆರಗು, ಟಿಫಿನ್ ಬಾಕ್ಸು ಎಲ್ಲಾ ಕೆಂಪು ಧೂಳು. ಗೇಟು ತೆಗೆದವಳೇ ಚಪ್ಪಲಿ ಬಿಟ್ಟು ಹತ್ತು ನಿಮಿಷ ಆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾಳೆ. ಆಗ ಅವಳನ್ನು ಯಾರೂ ಮಾತಾಡಿಸಬಾರದು. ಎರಡು ವರ್ಷದಿಂದ, ಕಾಲುವೆಯಲ್ಲಿ ನೀರಿದ್ದಷ್ಟು ದಿನ, ಆ ಹತ್ತು ನಿಮಿಷವೂ ಇಲ್ಲ.

ಪೇವರ್ಸ್ ಅಂದಾಗ ಜಗಳ ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಲಿಲ್ಲ.

"ಹಾಕಸ್ರಿ. ಸಾಲಿನೂ ಸಿಮೆಂಟು, ಬಸ್‌ಸ್ಟ್ಯಾಂಡೂ ಸಿಮೆಂಟು. ಮನಿ ಒಂದು ಉಳಿದಿತ್ತು" ಎಂದು ಒಳಗೆ ಹೋದಳು.

ಇದಕ್ಕಿಂತ ಜಗಳವೇ ವಾಸಿ, ಅಲ್ಲವೇ? ಎರಡು ದಿನ ನನಗೆ ಊಟ ರುಚಿಸಲಿಲ್ಲ. ಪೇವರ್ಸ್‌ನವನಿಗೆ ಫೋನ್ ಮಾಡಿ ಹದಿನೈದು ದಿನ ತಡೆಯಪ್ಪ ಎಂದೆ. ಅಷ್ಟರಲ್ಲಿ ನೆಲದಡಿ ಪೈಪು ಹಾಕಿ ನೀರು ಹೊರಗೆ ಹರಿಸಿ ನೋಡುವುದು. ಅದು ಫಲಿಸಿದರೆ ಹುಲ್ಲು ಉಳಿಯುತ್ತದೆ. ಆಗದಿದ್ದರೆ ಸಿಮೆಂಟು.

ಇನ್ನೊಬ್ಬ ಎಂಜಿನಿಯರ್ ಯಾಕೆ? ನಾನೇ ಇದ್ದೇನಲ್ಲ! ನನ್ನ ಸರ್ವಿಸ್ ಪೂರ್ತಿ ಕಾಲುವೆ ಕೆಲಸದಲ್ಲೇ ಹೋಯಿತು. (ಈ ಅಂಕಣದ ಹಳೆಯ ಓದುಗರಿಗೆ ಇದು ಗೊತ್ತೇ ಇದೆ. ಹೇಳಿ ಹೇಳಿ ತಲೆ ತಿಂದಿದ್ದೇನೆ.) ಅಗೆಯಲು ಕಂಪ್ಲಿ ಕಡೆಯ ಹುಲಿಗೆಮ್ಮ, ಅವಳ ಗಂಡ ಬಂದರು. ಲೆವೆಲ್ ಹಿಡಿದು, ದಾರ ಕಟ್ಟಿ, ಇಳಿಜಾರು ನೋಡಿ ತಗ್ಗು ತೋಡಿಸಿದೆ. ತಳಕ್ಕೆ ಜಲ್ಲಿ, ಅದರ ಮೇಲೆ ತೂತಿನ ಪೈಪು, ಪೈಪಿನ ಬಾಯಿ ರಸ್ತೆಯ ಚರಂಡಿಗೆ. ತೂತುಗಳನ್ನು ಮೇಲ್ಮುಖ ಮಾಡಿ ನಾನೇ ಕೈಯಾರೆ ಇಟ್ಟೆ.

ಹುಲಿಗೆಮ್ಮ ಸಲಿಕೆ ನಿಲ್ಲಿಸಿದಳು. "ಸಾಹೇಬ್ರ, ತೂತು ಕೆಳಗ ಮಾಡ್ರಿ."

"ನೀರು ಮೇಲಿಂದ ಬರ್ತದಮ್ಮ. ಕೆಳಗೆ ಮಾಡಿದರೆ ಒಳಗೆ ಹೆಂಗೆ ಹೋದೀತು?"

ಅವಳು ಗಂಡನ ಮುಖ ನೋಡಿದಳು. ಅವನು ನನ್ನ ಮುಖ ನೋಡಿದ. "ಆತು ಬಿಡ್ರಿ, ನೀವು ಹೇಳಿದಂಗ" ಎಂದು ಮಣ್ಣು ಮುಚ್ಚಿದರು.

ಮೊದಲ ದಿನ ಪೈಪಿನ ಬಾಯಲ್ಲಿ ಒಂದಿಷ್ಟು ಕೆಸರು ಬಂತು. ಎರಡನೇ ದಿನ ಹನಿ ಹನಿ. ನಾಲ್ಕನೇ ದಿನ ಅದೂ ಬಂದ್. ಲಾನ್ ಮಾತ್ರ ಮೊದಲಿನ ಹಾಗೇ ಪಚಕ್. ಶಾಂತಾ ಸಂಜೆ ಬಂದು, ಚಪ್ಪಲಿ ಬಿಡದೆ, ಅಂಚಿನ ಕಲ್ಲಿನ ಮೇಲೆ ನಡೆದು ಒಳಗೆ ಹೋದಳು.

ಹದಿನೈದರಲ್ಲಿ ಒಂಬತ್ತು ದಿನ ಕಳೆದಿತ್ತು. ಹುಲಿಗೆಮ್ಮನಿಗೆ ಫೋನ್ ಮಾಡಬೇಕು. ಮಾಡಿದರೆ ತಪ್ಪು ನನ್ನದು ಅಂತಾಯಿತು. ಮೂರು ಸಲ ನಂಬರ್ ತೆಗೆದು ಮೂರು ಸಲ ಫೋನ್ ಕೆಳಗಿಟ್ಟೆ. ಈ ವಯಸ್ಸಿನಲ್ಲೂ ಇಂಥ ಬಿಂಕ ಬೇಕೇ ನನಗೆ? ನಾಲ್ಕನೇ ಸಲಕ್ಕೆ ಮಾಡಿಯೇಬಿಟ್ಟೆ.

ಮರುದಿನ ಬಂದವಳು ನನ್ನನ್ನು ಆಡಿಕೊಳ್ಳಲಿಲ್ಲ. ಮಿಕ್ಕಿದ್ದ ಪೈಪಿನ ತುಂಡೊಂದರ ಎರಡೂ ಬಾಯಿಗೆ, ಇಣುಕಲು ಮೇಲೆ ಸಂದಿ ಬಿಟ್ಟು, ಕೆಸರು ಮೆತ್ತಿದಳು. ಅದನ್ನು ಮಣ್ಣು ಹೊರುವ ಬಾಂಡ್ಲಿಯಲ್ಲಿ ತೂತು ಮೇಲಾಗಿ ಇಟ್ಟು, ಸುತ್ತ ಜಲ್ಲಿ ತುಂಬಿ, ಬದಿಯಿಂದ ಮೆಲ್ಲಗೆ ನೀರು ಹೊಯ್ದಳು. ನೀರು ತಳದಿಂದ ಏರಿತು. ಪೈಪು ಮುಕ್ಕಾಲು ಮುಳುಗಿದರೂ ಒಳಗೆ ಒಂದು ಹನಿ ಇಲ್ಲ. ಆಮೇಲೆ ಅದೇ ಪೈಪನ್ನು ತಿರುವಿಟ್ಟು, ಮತ್ತೆ ಹಾಗೇ ಕೆಸರು ಮೆತ್ತಿ ಹೊಯ್ದಳು. ತಳದಲ್ಲಿ ಎರಡು ಬೆರಳು ನೀರು ನಿಂತಿತೋ ಇಲ್ಲವೋ, ಪೈಪಿನೊಳಗೆ ಹರಿಯತೊಡಗಿತು.

"ಕಾಲುವಿ ನೀರು ಮ್ಯಾಲಿಂದ ಸುರಿಯಂಗಿಲ್ರಿ. ನೆಲದಾಗ ಕೆಳಗಿಂದ ಏರ್ತೈತಿ. ತೂತು ಮ್ಯಾಲೆ ಇದ್ರ ಬರೇ ಮಣ್ಣು ಬೀಳ್ತೈತಿ, ಅಷ್ಟ."

"ಇದೆಲ್ಲ ನಿನಗೆ ಯಾರು ಹೇಳಿಕೊಟ್ಟರು?"

"ಹೇಳೋರು ಯಾರ್ರಿ? ನಮ್ ಕಡೆ ಗದ್ದಿ ಜವಳು ಹಿಡಿದು ಸತ್ತು ಹೋಗಿದ್ವು. ನೀರು ನಿಂತು ನಿಂತು ಉಪ್ಪು ಮ್ಯಾಲೆ ಬಂದಿತ್ತು. ಹಿಂಗ ಪೈಪ್ ಹಾಕೋ ಮುಂದ ನಾ ಎರಡು ಬ್ಯಾಸಗಿ ಜಲ್ಲಿ ಹೊತ್ತೀನಿ." ಆಮೇಲೆ ನಕ್ಕಳು. "ನೀವು ನೀರು ಬಿಡ್ತಿದ್ರಿ ಸಾಹೇಬ್ರ, ನಾವು ತೆಗೀತಿದ್ವಿ."

ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆದರೂ ನನ್ನ ಕಿವಿ ಬಿಸಿಯಾಯಿತು. ಗದ್ದೆಗೆ ನೀರು ಮುಟ್ಟಿತೇ ಎಂದು ನಾನು ಸಾವಿರ ಸಲ ಕೇಳಿದ್ದೇನೆ. ಆಮೇಲೆ ಅದು ಎಲ್ಲಿಗೆ ಹೋಯಿತು ಎಂದು ಒಂದು ಸಲವಾದರೂ ಕೇಳಿದ್ದೆನೇ? ನೆನಪಿಲ್ಲ. ನಾಚಿಕೆಯಾಯಿತು.

ಮತ್ತೆ ಅಗೆತ. ಈ ಸಲ ಆರ್ಡರ್ ಹುಲಿಗೆಮ್ಮನದು, ಜಲ್ಲಿ ಹೊರುವವರಲ್ಲಿ ನಾನೂ ಒಬ್ಬ. ಪೈಪು ತೊಳೆದು, ಮಣ್ಣು ಒಳಗೆ ಹೋಗದಂತೆ ತೆಂಗಿನ ನಾರು ಸುತ್ತಿ, ತೂತು ಕೆಳಗೆ ಮಾಡಿ ಇಟ್ಟಳು. ನನ್ನ ಇಳಿಜಾರನ್ನು ಮಾತ್ರ ಮುಟ್ಟಲಿಲ್ಲ. "ಇದು ಮಸ್ತ್ ಮಾಡೀರಿ" ಎಂದಳು. (ಆ ಸರ್ಟಿಫಿಕೇಟು ಸಿಕ್ಕಿದ್ದಕ್ಕೆ ಎಷ್ಟು ಖುಷಿಯಾಯಿತೆಂದರೆ, ರಾತ್ರಿ ಶಾಂತಾಳಿಗೆ ಎರಡು ಸಲ ಹೇಳಿದೆ.)

ಮರುದಿನ ಬೆಳಿಗ್ಗೆ ಪೈಪಿನ ಬಾಯಿಂದ ಕಿರುಬೆರಳು ದಪ್ಪಕ್ಕೆ ನೀರು ಬೀಳುತ್ತಿತ್ತು. ತಿಳಿ ನೀರು! ನಾನು ಹಲ್ಲುಜ್ಜುವುದನ್ನು ಬಿಟ್ಟು, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅಲ್ಲಿ ನಿಂತೆ. ನಾಲ್ಕೈದು ದಿನಕ್ಕೆ ನೆಲ ಗಟ್ಟಿಯಾಯಿತು. ಪೇವರ್ಸ್‌ನವನಿಗೆ ಬ್ಯಾಡಪ್ಪ ಎಂದು ಹೇಳಿದೆ. ಅವತ್ತು ಸಂಜೆ ಶಾಂತಾ ಗೇಟು ತೆಗೆದಳು, ಬಗ್ಗಿ ಹುಲ್ಲು ಒತ್ತಿ ನೋಡಿದಳು, ಚಪ್ಪಲಿ ಬಿಟ್ಟಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹತ್ತು ನಿಮಿಷವಲ್ಲ, ಅರ್ಧ ಗಂಟೆ ನಿಂತಳು. ನನಗೋ, ಪ್ರಮೋಷನ್ ಬಂದಾಗಲೂ ಇಷ್ಟು ಸಮಾಧಾನವಾಗಿರಲಿಲ್ಲ.

ಭಾನುವಾರ ಶಾಂತಾ ಹುಲಿಗೆಮ್ಮನನ್ನೂ ಅವಳ ಗಂಡನನ್ನೂ ಚಹಾಕ್ಕೆ ಕರೆದಳು. ಲಾನ್ ಮೇಲೆ ಕುರ್ಚಿ ಹಾಕಿದೆವು. ಗಂಡ ಕೂತು ಬಿಸ್ಕತ್ತಿಗೆ ಕೈ ಹಾಕಿದ. ಹುಲಿಗೆಮ್ಮ ಕೂರಲಿಲ್ಲ. ಸುತ್ತ ಒಂದು ರೌಂಡ್ ಹಾಕಿ, ಅಂಗೈಯಿಂದ ನೆಲ ಒತ್ತಿ, "ಒಣಗೈತಿ, ಚಲೋ ಆತು" ಎಂದಳು. ಆಮೇಲೆ ನಿಜವಾಗಿಯೂ ತಿಳಿಯದೆ ಕೇಳಿದಳು: "ಅಕ್ಕಾರ, ಇದ್ರಾಗ ಇನ್ನ ಏನು ಬೆಳಿತೀರಿ?"

"ಏನೂ ಇಲ್ಲವ್ವಾ. ಹುಲ್ಲು ಅಷ್ಟ."

"ಮತ್ತ ಎರಡೆರಡು ಸಲ ಅಗಿಸಿದ್ದು? ಬರೇ ಕುಂದ್ರಾಕನ್ರಿ?"

ಶಾಂತಾ ಚಹಾದ ಲೋಟ ಅವಳ ಕೈಗಿಟ್ಟು, ಕುರ್ಚಿಯನ್ನು ಅವಳ ಕಡೆ ಸರಿಸಿದಳು.

"ಹೂಂ, ಬರೇ ಕುಂದ್ರಾಕ. ನಿನಗ ಇಲ್ಲೀತನಕ ಯಾರಾದ್ರೂ ಸುಮ್ನ ಕುಂದ್ರು ಅಂದಾರೇನು?"