ಮೆಂಬರಕ್ಕ ಎತ್ತದ ಕೈ

ಮಕ್ಕಳೇ, ನಮ್ಮ ಪಕ್ಕದ ಮನೆಯ ಅಕ್ಕ ನಗರಸಭೆಯ ಮೆಂಬರ್ ಆಗಿದ್ದಳು. ಯಾರು ಏನೇ ಕೇಳಿದರೂ "ನಂದೂ ಹೂಂ ಅನ್ರಿ!" ಎಂದು ಬಲಗೈ ಎತ್ತುವಳು. ನಾನು ಬಾಗಿಲ ಸಂದಿಯಿಂದ "ಚಾ ಕುಡೀತಿಯೇನಕ್ಕಾ?" ಎಂದರೂ ಕೈ ಮೇಲೇಳುತ್ತಿತ್ತು.

ಬೀದಿ ಆಡುಗಳನ್ನು ಹಿಡಿದು ಕಟ್ಟುವ ಠರಾವಿಗೂ ಸಭೆಯಲ್ಲಿ ಹಾಗೇ ಕೈ ಎತ್ತಿ ಬಂದಳು. ಮರುದಿನ ಮೊದಲು ಸಿಕ್ಕಿದ್ದು ಅವಳದೇ ಗಬ್ಬದ ಆಡು. ಸಭಾಂಗಣದ ಕಿಟಕಿಯ ಹೊರಗೆ ಕಟ್ಟಿಹಾಕಿದರು.

"ಬಿಡಿಸ್ಕೊಂಡು ಬಾ ಅಕ್ಕಾ" ಎಂದೆ.

"ತಿಂಥಣಿ ಮೌನಪ್ಪನ ಆಣಿ, ಕಟ್ಟು ಅಂದಾಕಿ ನಾನೇ. ಬಿಡು ಅಂತ ಸಭಾನೇ ಹೇಳಬೇಕು" ಎಂದು ದಿನಾ ಅಲ್ಲಿಗೇ ಮೇವು ಹೊತ್ತಳು.

ಮುಂದಿನ ಸಭೆಯ ಮೊದಲ ವಿಷಯ ಆ ಆಡು: ಬಿಡಬೇಕೋ, ಹರಾಜು ಹಾಕಬೇಕೋ? ನಾನು ಮೇವು ಹಿಡಿದು ಕಿಟಕಿಯ ಬಳಿ ನಿಂತಿದ್ದೆ. ಬಿಡಲು ಒಂದು ಕೈ ಕಡಿಮೆ ಬಿತ್ತು. ಎಲ್ಲರೂ ಅವಳತ್ತ ನೋಡಿದರು.

"ನನ್ನ ಆಡಿಗೆ ನಾನು ಎತ್ತಬಾರದ್ರಿ" ಎಂದು ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಕುಳಿತಳು. ಕಣ್ಣು ತುಂಬಿದ್ದವು.

ಅವಳ ದನಿ ಕೇಳಿದ್ದೇ ತಡ, ಆಡು ಕಿಟಕಿಗೆ ಮುಂಗಾಲೆತ್ತಿ "ಮ್ಯಾ" ಎಂದಿತು.

"ನಿಮ್ಮ ಬದಲಿ ಅದೇ ಎತ್ಯದ ನೋಡ್ರಿ ಅಕ್ಕಾ. ಪಾಸ್!" ಎಂದರು ಅಧ್ಯಕ್ಷರು.

ದಾರಿಯಲ್ಲಿ "ಚಾ ಕುಡೀತಿಯೇನಕ್ಕಾ?" ಎಂದೆ. ಹಗ್ಗ ಹಿಡಿದ ಕೈ ಥಟ್ಟನೆ ಮೇಲೆದ್ದಿತು. ಅದರ ಜೊತೆ ಆಡಿನ ಕತ್ತೂ.